ಕಲಾವಿದರ ಮನೆ, ಸ್ಟುಡಿಯೋ ಎಲ್ಲಾ ಸೇರಿ ಒಂದೇ ಕೃತಿ ಅಂತಾರಲ್ಲ, ಅಲ್ಲಿ ನಿಜಕ್ಕೂ ಡಿಸೈನ್ ಆಗಿರೋದು ಏನು?

ಖಾಲಿಗೋಡೆ:

ಎಲ್ಲರಿಗೂ ನಮಸ್ಕಾರ. ಈಚೆಗೆ ಡೊನಾಲ್ಡ್ ಜಡ್ ಬಗ್ಗೆ ಓದ್ತಾ ಇದೀನಿ, ಅಮೆರಿಕದ ಕಲಾವಿದ, ಲೋಹದಲ್ಲಿ ಪ್ಲೈವುಡ್‌ನಲ್ಲಿ ಪೆಟ್ಟಿಗೆ ಥರದ ಕೃತಿಗಳನ್ನ ಮಾಡಿ ಹೆಸರಾದವರು. ಆದ್ರೆ ಅವರ ಕೃತಿಗಳಿಗಿಂತ ಜಾಸ್ತಿ ನನ್ನ ತಲೆಯಲ್ಲಿ ಕೂತುಬಿಟ್ಟಿರೋದು ಅವರಿದ್ದ ಜಾಗಗಳು. ನ್ಯೂಯಾರ್ಕ್‌ನ 101 ಸ್ಪ್ರಿಂಗ್ ಸ್ಟ್ರೀಟ್‌ನಲ್ಲಿ ಐದು ಮಹಡಿಯ ಹಳೇ ಕಟ್ಟಡ, ಆಮೇಲೆ ಟೆಕ್ಸಸ್‌ನ ಮಾರ್ಫಾ ಅನ್ನೋ ಸಣ್ಣ ಊರಲ್ಲಿ ಒಂದಾದ ಮೇಲೊಂದು ಕೊಂಡುಕೊಂಡ ಕಟ್ಟಡಗಳು. ಹಾಸಿಗೆ ಎಲ್ಲಿರಬೇಕು, ಊಟದ ಮೇಜು ಎಲ್ಲಿ, ಯಾವ ಗೋಡೆ ಖಾಲಿ ಬಿಡ್ಬೇಕು, ಎಲ್ಲಾನೂ ಅವರೇ ನಿರ್ಧಾರ ಮಾಡಿದ್ದು, ಇವತ್ತಿಗೂ ಅವರು ಬಿಟ್ಟುಹೋದ ಹಾಗೇ ಉಳಿಸಿಕೊಂಡಿದಾರೆ.

ನನಗೆ ಗೊಂದಲ ಆಗಿರೋದು ಇಲ್ಲಿ. ಜಡ್ ಅವರೇ ಕುರ್ಚಿ ಬೇರೆ ಕಲೆ ಬೇರೆ, ಎರಡನ್ನೂ ಕಲಸಬಾರದು ಅಂತ ಖಡಾಖಂಡಿತವಾಗಿ ವಾದ ಮಾಡಿದವರು. ಹಾಗಿದ್ಮೇಲೆ ಆ ಮನೆಯನ್ನ ಪೂರ್ತಿಯಾಗಿ ಒಂದು ಕೃತಿ ಅಂತ ನಾವು ಕರೆಯೋದು ಸರಿನಾ? ಕುರ್ಚಿ ಕಲೆ ಅಲ್ಲ, ಮಂಚ ಕಲೆ ಅಲ್ಲ, ಅಡುಗೆಮನೆ ಸಿಂಕ್ ಕಲೆ ಅಲ್ಲ, ಆದ್ರೆ ಇವೆಲ್ಲಾ ಸೇರಿದ್ರೆ ಮಾತ್ರ ಒಂದು ಇಂಚು ಅಲುಗಿಸಬಾರದ ಕೃತಿ ಆಗ್ಬಿಡತ್ತೆ ಅಂದ್ರೆ ಹೇಗೆ?

ಇನ್ನೊಂದು ವಿಷ್ಯ, ಇಂಥ ಮನೆಗಳ ಬಗ್ಗೆ ಬರೆಯೋರೆಲ್ಲಾ "ಬದುಕು, ಕಲೆ ಒಂದಾಗಿತ್ತು" ಅಂತ ಬರೆದು ಮುಗಿಸಿಬಿಡ್ತಾರೆ. ಆ ಮಾತು ಕೇಳೋಕೆ ಚೆನ್ನಾಗಿದೆ, ಆದ್ರೆ ಅದರಿಂದ ಏನೂ ಗೊತ್ತಾಗಲ್ಲ. ಒಬ್ಬ ಕಲಾವಿದ ಮನೆಗೆ ಕೈಹಾಕಿದಾಗ ನಿಜವಾಗಿ ಏನು ಮಾಡ್ತಾರೆ, ಯಾವುದು ಬದಲಾಗತ್ತೆ, ಇದನ್ನ ಯಾರಾದ್ರೂ ಬಿಡಿಸಿ ಹೇಳ್ತೀರಾ? ಜಡ್ ಒಬ್ಬರೇ ಅಂತಿಲ್ಲ, ಬೇರೆಯವರ ಉದಾಹರಣೆ ಇದ್ರೂ ಹಾಕಿ.

ಮರಮೊಳೆ:

ಒಳ್ಳೇ ಪ್ರಶ್ನೆ ರೀ, ಉತ್ತರ ಉದ್ದ ಆಗತ್ತೆ, ಬೇಜಾರು ಮಾಡ್ಕೋಬೇಡಿ.

ಮೊದಲು ಸ್ಪ್ರಿಂಗ್ ಸ್ಟ್ರೀಟ್. ಜಡ್ ಅದನ್ನ ಕೊಂಡಿದ್ದು 1968ರಲ್ಲಿ. ಕಟ್ಟಡ 1870ರದ್ದು, ಮುಂಭಾಗ ಪೂರಾ ಎರಕದ ಕಬ್ಬಿಣ, ಮೂಲೆ ಕಟ್ಟಡ ಆಗಿರೋದ್ರಿಂದ ಎರಡು ರಸ್ತೆಗೂ ದೊಡ್ಡ ದೊಡ್ಡ ಕಿಟಕಿ ಇದೆ. ಬೇರೆ ಯಾರಾದ್ರೂ ಆಗಿದ್ರೆ ಮೊದಲು ಮಾಡ್ತಿದ್ದ ಕೆಲಸ ಅಂದ್ರೆ ಒಳಗೆ ಗೋಡೆ ಎಬ್ಬಿಸಿ ರೂಮು ಮಾಡೋದು. ಅವರು ಅದನ್ನೇ ಮಾಡ್ಲಿಲ್ಲ. ಮಹಡಿಯನ್ನ ತುಂಡು ಮಾಡಬಾರದು, ಒಂದು ಮಹಡಿಗೆ ಒಂದು ಕೆಲಸ ಅಂತ ಇಟ್ಕೊಂಡ್ರು. ಅಡುಗೆ-ಊಟಕ್ಕೆ ಎರಡನೇ ಮಹಡಿ, ಕೆಲಸಕ್ಕೆ ಮೂರನೇದು, ಮಲಗೋಕೆ ಐದನೇದು, ಹೀಗೆ. ನಾಲ್ಕನೇ ಮಹಡಿಯಲ್ಲಿ ನೆಲಕ್ಕೆ ಹಾಕಿದ ಮರವನ್ನೇ ಮೇಲ್ಗಡೆ ಸೀಲಿಂಗ್‌ಗೂ ಹಾಕಿದ್ರು, ಅಂದ್ರೆ ಕೆಳಗೊಂದು ಹಾಳೆ ಮೇಲೊಂದು ಹಾಳೆ, ಮಧ್ಯೆ ಬೆಳಕು. ಐದನೇ ಮಹಡಿಯಲ್ಲಿ ಮಂಚ ಅನ್ನೋದು ನೆಲಕ್ಕೆ ಅಂಟಿದ ಹಾಗಿರೋ ತಗ್ಗಿನ ಮರದ ಹಲಗೆ, ಆ ಕೋಣೆಯ ಉದ್ದಕ್ಕೂ ಡ್ಯಾನ್ ಫ್ಲೇವಿನ್ ಅನ್ನೋ ಕಲಾವಿದರ ಟ್ಯೂಬ್‌ಲೈಟ್ ಕೃತಿ ಓಡತ್ತೆ. ಮಂಚ ಎತ್ತರ ಇದ್ದಿದ್ರೆ ಆ ಬೆಳಕಿನ ಸಾಲು ಪೂರ್ತಿ ಕಣ್ಣಿಗೆ ಬೀಳ್ತಿರಲಿಲ್ಲ. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಮಂಚ ಮಂಚವೇ, ಅದರ ಮೇಲೆ ಮಲಗ್ತಿದ್ರು, ಆದ್ರೆ ಎಷ್ಟು ಎತ್ತರ ಇರಬೇಕು, ಗೋಡೆಯಿಂದ ಎಷ್ಟು ದೂರ ಇರಬೇಕು ಅನ್ನೋದನ್ನ ಪಕ್ಕದಲ್ಲಿರೋ ವಸ್ತುವನ್ನ ನೋಡಿ ತೀರ್ಮಾನ ಮಾಡಿದಾರೆ. ಅವರು ಡಿಸೈನ್ ಮಾಡಿದ್ದು ವಸ್ತುಗಳ ಮಧ್ಯದ ಜಾಗವನ್ನ.

ಕುರ್ಚಿ ಬೇರೆ ಕಲೆ ಬೇರೆ ಅನ್ನೋ ಮಾತಿಗೆ ಬರೋಣ. 60ರ ದಶಕದಲ್ಲಿ ಅವರು ತಮ್ಮದೇ ಒಂದು ಕೃತಿಯ ಆಕಾರ ತಗೊಂಡು ಕಾಫಿ ಟೇಬಲ್ ಮಾಡೋಕೆ ನೋಡಿದ್ರು, ಅದು ಕೆಟ್ಟದಾಗಿ ಬಂತು, ಎಸೆದುಬಿಟ್ರು, ಇದನ್ನ ಅವರೇ ಬರ್ಕೊಂಡಿದಾರೆ. ಅಲ್ಲಿಂದ ಮುಂದೆ ಪೀಠೋಪಕರಣ ಅಂದ್ರೆ ಅದರ ಉಪಯೋಗದಿಂದಲೇ ಶುರುವಾಗಬೇಕು ಅನ್ನೋ ನಿಲುವು. ಮಾರ್ಫಾಗೆ ಮಕ್ಕಳ ಜೊತೆ ಹೋದಾಗ ಅಲ್ಲಿ ಕೊಳ್ಳೋಕೆ ಯೋಗ್ಯವಾದ ಮೇಜು ಮಂಚ ಸಿಗಲಿಲ್ಲ, ಹಾಗಾಗಿ ಮರದ ಅಡ್ಡೆಯಲ್ಲಿ ಸಿಗೋ ಮಾಮೂಲಿ ಅಳತೆಯ ಹಲಗೆಗಳನ್ನ ಅಲ್ಲೇ ಕೊಯ್ಸಿ ಮಕ್ಕಳಿಗೆ ಮಂಚ, ಓದೋ ಮೇಜು ಮಾಡಿದ್ರು. ಹಲಗೆ ಎಷ್ಟು ಅಗಲ ಸಿಗತ್ತೋ ಅದೇ ಮಂಚದ ಪಕ್ಕದ ಎತ್ತರ. ನಾನೂ ಮರದ ಕೆಲಸ ಮಾಡೋನು, ಅದಕ್ಕೇ ಈ ವಿಷ್ಯ ನನಗೆ ತುಂಬಾ ಇಷ್ಟ. ಸಿಗೋ ಮಾಲಿನ ಅಳತೆಯೇ ವಿನ್ಯಾಸ ಹೇಳಿಕೊಡತ್ತೆ, ಅದನ್ನ ಕೇಳಿಸ್ಕೊಳ್ಳೋ ತಾಳ್ಮೆ ಬೇಕು ಅಷ್ಟೇ.

ಮಾರ್ಫಾದಲ್ಲಿ ಅವರ ಮನೆಗೆ ದಿ ಬ್ಲಾಕ್ ಅಂತಾರೆ, ಊರಿನ ಒಂದು ಇಡೀ ಬ್ಲಾಕ್, ಮೊದಲು ಸೈನ್ಯದವರ ಜಾಗ, ಎರಡು ದೊಡ್ಡ ಹ್ಯಾಂಗರ್ ಥರದ ಶೆಡ್ಡು ಒಂದು ಎರಡಂತಸ್ತಿನ ಮನೆ. ಸುತ್ತ ಹಸಿ ಮಣ್ಣಿನ ಇಟ್ಟಿಗೆಯ ಎತ್ತರದ ಗೋಡೆ ಕಟ್ಟಿಸಿದ್ರು. ಊರಾಚೆ ಹಳೇ ಸೇನಾ ನೆಲೆಯಲ್ಲಿ ಚಿನಾಟಿ ಫೌಂಡೇಶನ್ ಅನ್ನೋ ಕಲಾ ಮ್ಯೂಸಿಯಂ, 1986ರಲ್ಲಿ ಶುರುವಾಗಿದ್ದು. ಅಲ್ಲಿ ಎರಡು ಫಿರಂಗಿ ಶೆಡ್‌ಗಳ ಒಳಗೆ ಜಡ್ ಅವರ 100 ಅಲ್ಯೂಮಿನಿಯಂ ಪೆಟ್ಟಿಗೆಗಳು. ಹೊರ ಅಳತೆ ನೂರಕ್ಕೂ ಒಂದೇ, 41 ಇಂಚು, 51 ಇಂಚು, 72 ಇಂಚು, ಒಳಗಿನ ರಚನೆ ಮಾತ್ರ ಒಂದರ ಥರ ಇನ್ನೊಂದಿಲ್ಲ. ಆ ಶೆಡ್‌ಗಳಿಗೆ ಅಕ್ಕಪಕ್ಕ ಗ್ಯಾರೇಜ್ ಬಾಗಿಲುಗಳಿದ್ವು, ಅವನ್ನ ತೆಗೆಸಿ ನಾಲ್ಕು ಭಾಗ ಆಗಿರೋ ದೊಡ್ಡ ಗಾಜಿನ ಕಿಟಕಿ ಹಾಕಿಸಿದ್ರು. ಚಪ್ಪಟೆ ತಾರಸಿ ಸೋರ್ತಿತ್ತು, ಅದಕ್ಕೆ ಮೇಲೆ ತಗಡಿನ ಕಮಾನು ಛಾವಣಿ ಹಾಕಿಸಿದ್ರು, ಅದರಿಂದ ಕಟ್ಟಡದ ಎತ್ತರ ಹೆಚ್ಚುಕಮ್ಮಿ ಎರಡರಷ್ಟಾಯ್ತು. ಯುದ್ಧಕಾಲದ ಜರ್ಮನ್ ಕೈದಿಗಳಿಗೆ ಅಂತ ಗೋಡೆ ಮೇಲೆ ಬರೆದಿದ್ದ ಜರ್ಮನ್ ಅಕ್ಷರಗಳನ್ನ ಮಾತ್ರ ಹಾಗೇ ಬಿಟ್ರು. ಸೋರೋ ಸಮಸ್ಯೆಗೆ ಮದ್ದು ಮಾಡ್ತಾ ಮಾಡ್ತಾನೇ ಕಟ್ಟಡದ ಆಕಾರವನ್ನೂ ಕಂಡ್ಕೊಂಡಿದಾರೆ ನೋಡಿ. ಅಲ್ಯೂಮಿನಿಯಂ ಬೆಳಗ್ಗೆ ಒಂದು ಬಣ್ಣ ಸಂಜೆ ಒಂದು ಬಣ್ಣ ಕಾಣೋದು ಆ ಕಿಟಕಿಗಳಿಂದ. ಪೆಟ್ಟಿಗೆಗಳನ್ನ ತಗೊಂಡೋಗಿ ಎಲ್ಲಾ ಕಡೆ ಲೈಟು ಹಾಕಿದ ಬಿಳೀ ಹಾಲ್‌ನಲ್ಲಿ ಇಟ್ರೆ ಲೋಹ ಅದೇ ಇರತ್ತೆ, ಕೃತಿ ಬೇರೆ ಆಗೋಗತ್ತೆ.

ಮ್ಯೂಸಿಯಂಗಳಲ್ಲಿ ಪ್ರದರ್ಶನ ಅಂದ್ರೆ ಕಟ್ಟು, ಸಾಗಿಸು, ಬಿಚ್ಚು, ಮತ್ತೆ ಕಟ್ಟು, ಇದರಲ್ಲಿ ಕೃತಿ ಹಾಳಾಗತ್ತೆ, ಇಡೋರಿಗೂ ಹೇಗಿಡಬೇಕು ಅಂತ ಗೊತ್ತಿರಲ್ಲ ಅನ್ನೋ ಸಿಟ್ಟು ಜಡ್‌ಗೆ ತುಂಬಾ ಇತ್ತು. ಒಂದು ಸಲ ಸರಿಯಾಗಿ ಇಟ್ಟಿದ್ದು ಅಲ್ಲೇ ಇರಲಿ ಅನ್ನೋದು ಆ ಸಿಟ್ಟಿನಿಂದ ಹುಟ್ಟಿದ ಹಟ. 1994ರಲ್ಲಿ ತೀರಿಕೊಂಡ ಮೇಲೆ ಮಕ್ಕಳು ಅದನ್ನ ಉಳಿಸ್ಕೊಂಡ್ರು, ಸ್ಪ್ರಿಂಗ್ ಸ್ಟ್ರೀಟ್ ಕಟ್ಟಡ ದುರಸ್ತಿ ಆಗಿ 2013ರಲ್ಲಿ ಜನಕ್ಕೆ ತೆರೀತು.

ನೂಲುಂಡೆ:

ಮರಮೊಳೆಯವರು ಹೇಳಿದ್ದು ಚೆನ್ನಾಗಿದೆ. ಆದ್ರೆ ಈ ಮಾತುಕತೆ ಯಾವಾಗ್ಲೂ ಒಬ್ಬ ಗಂಡಸು, ಒಂದು ದೊಡ್ಡ ಖಾಲಿ ಕಟ್ಟಡ, ಅಲ್ಲಿಗೇ ಹೋಗಿ ನಿಲ್ಲತ್ತೆ. ನಾನು ಕಾರಿನ್ ಲಾರ್ಸನ್ ಹೆಸರು ತರಲೇಬೇಕು.

ಸ್ವೀಡನ್‌ನ ಸುಂಡ್‌ಬೋರ್ನ್ ಅನ್ನೋ ಹಳ್ಳೀಲಿ ಲಿಲ್ಲಾ ಹ್ಯೂಟ್ನೆಸ್ ಅಂತ ಒಂದು ಮರದ ಮನೆ. 1888ರಲ್ಲಿ ಕಾರಿನ್ ಅವರ ತಂದೆ ಅದನ್ನ ಮಗಳು-ಅಳಿಯನಿಗೆ ಕೊಟ್ರು. ಅಳಿಯ ಕಾರ್ಲ್ ಲಾರ್ಸನ್, ಹೆಸರಾಂತ ಚಿತ್ರಕಾರ. ಅವರು ಆ ಮನೆಯ ಕೋಣೆಗಳನ್ನ, ಮಕ್ಕಳನ್ನ, ಕಿಟಕಿಯ ಕುಂಡಗಳನ್ನ ಜಲವರ್ಣದಲ್ಲಿ ಬಿಡಿಸಿದ್ರು, 1899ರಲ್ಲಿ ಪುಸ್ತಕವಾಗಿ ಬಂದು ಲೋಕಕ್ಕೆಲ್ಲಾ ಗೊತ್ತಾಯ್ತು. ಸ್ವೀಡಿಷ್ ಮನೆ ಅಂದ್ರೆ ಬೆಳಕು, ಬಿಳಿ ಗೋಡೆ, ಕೆಂಪು-ಹಸಿರು ಕುರ್ಚಿ ಅನ್ನೋ ಕಲ್ಪನೆ ಹರಡಿದ್ರಲ್ಲಿ ಆ ಚಿತ್ರಗಳ ಪಾತ್ರ ದೊಡ್ಡದು.

ಚಿತ್ರ ಬಿಡಿಸಿದ್ದು ಕಾರ್ಲ್ ಸರಿ, ಚಿತ್ರದಲ್ಲಿರೋ ಮೇಜಿನ ಹೊದಿಕೆ, ದಿಂಬು, ಪರದೆ, ಗೋಡೆಗೆ ತೂಗುಹಾಕಿದ ನೇಯ್ಗೆ ಇವನ್ನೆಲ್ಲಾ ಮಾಡಿದ್ದು ಕಾರಿನ್. ಅವರೂ ಸ್ಟಾಕ್‌ಹೋಮ್‌ನ ರಾಯಲ್ ಅಕಾಡೆಮಿಯಲ್ಲಿ ಕಲಿತ ಚಿತ್ರಕಾರ್ತಿಯೇ. ಫ್ರಾನ್ಸ್‌ನ ಗ್ರೆ ಅನ್ನೋ ಹಳ್ಳೀಲಿ ಕಲಾವಿದರ ಗುಂಪಿನಲ್ಲಿ ಇಬ್ಬರಿಗೂ ಸ್ನೇಹ ಆಗಿ 1883ರಲ್ಲಿ ಮದುವೆ ಆಯ್ತು, ಆಮೇಲೆ ಮಕ್ಕಳು ಸಂಸಾರ, ಕುಂಚ ಬಿಟ್ರು. ಆದ್ರೆ ಕೈ ಸುಮ್ಮನೆ ಕೂರಲಿಲ್ಲ. ಪೀಠೋಪಕರಣದ ನಕ್ಷೆ ತಾವೇ ಬರೆದು ಊರ ಬಡಗಿಗಳ ಹತ್ರ ಮಾಡಿಸೋರು, ಬಟ್ಟೆಗೆ ವಿನ್ಯಾಸ ತಾವೇ ಹಾಕಿ ತಾವೇ ನೇಯೋರು. ಗಂಡ-ಹೆಂಡತಿಯ ಮಲಗೋ ಕೋಣೆಗಳ ನಡುವೆ ಅವರು ಮಾಡಿದ ಒಂದು ಪರದೆ ಇದೆ, ದಾರದ ಬಲೆಯ ನಡುವೆ ಕೆಂಪು ಗುಲಾಬಿ, ಆ ಕಾಲದ ದಪ್ಪ ದಪ್ಪ ವೆಲ್ವೆಟ್ ಪರದೆಗಳ ಪಕ್ಕ ಇಟ್ಟು ನೋಡಿದ್ರೆ ಅದು ಎಷ್ಟು ಹೊಸದು ಅಂತ ಗೊತ್ತಾಗತ್ತೆ. ಗಾಳಿ ಬೆಳಕು ಎರಡೂ ದಾಟತ್ತೆ, ಆದ್ರೂ ಒಂದು ಕೋಣೆ ಮುಗಿದು ಇನ್ನೊಂದು ಶುರುವಾಯ್ತು ಅಂತ ಹೇಳತ್ತೆ.

ಖಾಲಿಗೋಡೆ ಅವರೇ, ನೀವು ಕೇಳಿದ್ದಕ್ಕೆ ನನ್ನ ಉತ್ತರ ಏನಂದ್ರೆ ಇಲ್ಲಿ ಡಿಸೈನ್ ಆಗಿದ್ದು ಮನೆಯ ದಿನಚರಿ. ಯಾರು ಎಲ್ಲಿ ಕೂತು ಹೊಲೀತಾರೆ, ಮಕ್ಕಳು ಎಲ್ಲಿ ಓದ್ತಾರೆ, ಊಟಕ್ಕೆ ಎಲ್ಲಿ ಸೇರ್ತಾರೆ, ಅದಕ್ಕೆ ತಕ್ಕ ಹಾಗೆ ಮನೆ ವರ್ಷ ವರ್ಷ ಬೆಳೀತು, ಒಂದೇ ಸಲ ನಕ್ಷೆ ಹಾಕಿ ಕಟ್ಟಿದ್ದಲ್ಲ. ಇಂಥ ಕೆಲಸಕ್ಕೆ ಕೆಳಗೆ ಸಹಿ ಇರಲ್ಲ, ಅದಕ್ಕೇ ಬಹಳ ಕಾಲ ಇಡೀ ಮನೆ ಗಂಡನ ಹೆಸರಲ್ಲೇ ಉಳೀತು. ಇದು ನನಗೆ ನಿಜಕ್ಕೂ ನೋವು ಕೊಡೋ ವಿಷ್ಯ. ಕಲಾವಿದರ ಮನೆ ಅಂತ ಎಲ್ಲಿ ಓದಿದ್ರೂ ಬಟ್ಟೆ ಯಾರು ನೇಯ್ದಿದ್ದು, ಗೋಡೆ ಬಣ್ಣ ಯಾರು ಆರಿಸಿದ್ದು ಅಂತ ಒಂದು ಸಲ ಹುಡುಕಿ.

ನೇರಮಾತು:

ಇಬ್ಬರೂ ಹೇಳಿದ್ದನ್ನ ಒಪ್ಪೋಣ, ಆದ್ರೂ ನನಗೆ ಒಂದು ತಕರಾರಿದೆ. ಮನೆಯನ್ನ ಕೃತಿ ಅಂತ ಕರೆಯೋದು ಎಷ್ಟೋ ಸಲ ಆಮೇಲೆ ಬಂದೋರು ಅಂಟಿಸಿದ ಮಾತು.

ಚಿತ್ರಕಾರ ಫ್ರಾನ್ಸಿಸ್ ಬೇಕನ್ ಅವರ ಸ್ಟುಡಿಯೋನೇ ನೋಡಿ. ಲಂಡನ್‌ನ 7 ರೀಸ್ ಮ್ಯೂಸ್, 1961ರಿಂದ 1992ರಲ್ಲಿ ಸಾಯೋವರೆಗೂ ಅಲ್ಲೇ ಇದ್ರು. ನೆಲದ ತುಂಬಾ ಹರಿದ ಫೋಟೋ, ಪುಸ್ತಕ, ಒಣಗಿದ ಬಣ್ಣದ ಡಬ್ಬಿ, ಬಾಗಿಲಿಗೆ ಗೋಡೆಗೆ ಕುಂಚ ಒರೆಸಿದ ಬಣ್ಣ. ಯಾರೂ ಏನೂ ಡಿಸೈನ್ ಮಾಡಿಲ್ಲ. 1998ರಲ್ಲಿ ಅದನ್ನ ಡಬ್ಲಿನ್‌ನ ಹ್ಯೂ ಲೇನ್ ಗ್ಯಾಲರಿಗೆ ಕೊಟ್ರು, ಪುರಾತತ್ವದವರು ಉತ್ಖನನ ಮಾಡೋ ಹಾಗೆ ಯಾವ ಕಾಗದ ಯಾವುದರ ಮೇಲೆ ಬಿದ್ದಿತ್ತು ಅಂತ ಗುರುತು ಹಾಕ್ಕೊಂಡು, 7,000ಕ್ಕೂ ಹೆಚ್ಚು ವಸ್ತುಗಳನ್ನ ಪಟ್ಟಿ ಮಾಡಿ, ಗೋಡೆ, ಬಾಗಿಲು, ನೆಲ, ಧೂಳಿನ ಸಮೇತ ಸಾಗಿಸಿ ಮತ್ತೆ ಜೋಡಿಸಿದ್ರು. 2001ರಿಂದ ಜನ ನೋಡ್ತಿದಾರೆ.

ಅದರ ಬೆಲೆ ಏನಂದ್ರೆ ಅದು ದಾಖಲೆ, ಯಾವ ಫೋಟೋ ನೋಡಿ ಯಾವ ಚಿತ್ರ ಬಂತು ಅಂತ ತಿಳ್ಕೊಳ್ಳೋಕೆ ಅದಕ್ಕಿಂತ ಒಳ್ಳೇ ಮೂಲ ಇನ್ನೊಂದಿಲ್ಲ. ಅಷ್ಟು ಸಾಕು. ಅದನ್ನ ಕೃತಿ ಅಂತ ಕರೆದ್ರೆ ಜಡ್ ಅಳತೆ ಹಾಕಿ ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸವೇ ಉಳಿಯಲ್ಲ. ಉದ್ದೇಶ ಇಟ್ಕೊಂಡು ಮಾಡಿದ್ದು ಒಂದು, ಕೆಲಸ ಮಾಡ್ತಾ ತಾನಾಗೇ ಆಗಿದ್ದು ಇನ್ನೊಂದು, ಎರಡಕ್ಕೂ ಒಂದೇ ಗೌರವದ ಹೆಸರು ಕೊಡಬಾರದು ಅನ್ನೋದು ನನ್ನ ಅಭಿಪ್ರಾಯ.

ಕಲ್ಲುಚಕ್ಕೆ:

ನೇರಮಾತು ಅವರ ವಿಂಗಡಣೆ ಸರಿ ಇದೆ, ಆದ್ರೆ ಆ ಎರಡರ ಮಧ್ಯೆ ನಿಲ್ಲೋ ಒಬ್ಬರಿದಾರೆ, ಬ್ರಾಂಕುಸಿ. ನನಗೆ ಈ ವಿಷಯದಲ್ಲಿ ಎಲ್ಲರಿಗಿಂತ ಮುಖ್ಯ ಅನ್ಸೋರು ಅವರೇ.

ಕಾನ್‌ಸ್ಟಾಂಟಿನ್ ಬ್ರಾಂಕುಸಿ, ರೊಮೇನಿಯಾದಿಂದ ಪ್ಯಾರಿಸ್‌ಗೆ ಬಂದ ಶಿಲ್ಪಿ. 1916ರಿಂದ 1957ರಲ್ಲಿ ತೀರಿಕೊಳ್ಳೋವರೆಗೂ ಆಂಪಾಸ್ ರೋನ್ಸೆನ್ ಅನ್ನೋ ಓಣಿಯಲ್ಲೇ ಕೆಲಸ, ವಾಸ ಎರಡೂ. ಕೂರೋ ಮಣೆ, ಒಲೆ, ಮೇಜು ಎಲ್ಲಾ ಅವರ ಕೈಯಿಂದಲೇ ಆಗಿದ್ದು, ಮೇಜು ಅಂದ್ರೆ ಪ್ಲಾಸ್ಟರ್‌ನ ದೊಡ್ಡ ದುಂಡು. ಶಿಲ್ಪದ ಕೆಳಗಿನ ಪೀಠಗಳನ್ನೂ ಅವರೇ ಕೆತ್ತೋರು. ಆ ಪೀಠಗಳೇ ನನ್ನನ್ನ ಹಿಡಿದಿಟ್ಟಿರೋದು. ಯಾವುದು ಪೀಠ, ಯಾವುದು ಸ್ಟೂಲು, ಯಾವುದು ಶಿಲ್ಪ ಅನ್ನೋ ಗೆರೆ ಅವರ ಸ್ಟುಡಿಯೋದಲ್ಲಿ ಸ್ಥಿರವಾಗಿ ಇರ್ತಾನೇ ಇರಲಿಲ್ಲ, ಇವತ್ತು ಒಂದರ ಕೆಳಗಿದ್ದಿದ್ದು ನಾಳೆ ತಾನೇ ನಿಂತ್ಕೊಳ್ಳೋದು. ದಿನಾ ಜರುಗಿಸೋರು, ಯಾವುದರ ಪಕ್ಕ ಯಾವುದು ನಿಂತ್ರೆ ಎರಡಕ್ಕೂ ಜೀವ ಬರತ್ತೆ ಅಂತ ನೋಡೋರು, ಬೆಳಕು ಬಿದ್ದ ಹೊತ್ತಿಗೆ ತಾವೇ ಫೋಟೋ ತೆಗೆಯೋರು. ಆ ಫೋಟೋಗಳನ್ನ ನೋಡಿದ್ರೆ ಅವರು ಒಂದೊಂದು ಶಿಲ್ಪದ ದಾಖಲೆ ಮಾಡ್ತಿರಲಿಲ್ಲ, ಗುಂಪಿನ ದಾಖಲೆ ಮಾಡ್ತಿದ್ರು ಅಂತ ಗೊತ್ತಾಗತ್ತೆ.

ಕೊನೆ ಕೊನೆಗೆ ಹೊಸ ಶಿಲ್ಪ ಮಾಡೋದು ಹೆಚ್ಚುಕಮ್ಮಿ ನಿಂತೇಹೋಯ್ತು, ಈ ಜೋಡಣೆಯೇ ಅವರ ಕೆಲಸ ಆಯ್ತು. ಒಂದು ಶಿಲ್ಪ ಮಾರಾಟ ಆದ್ರೆ ಅದರ ಪ್ಲಾಸ್ಟರ್ ನಕಲನ್ನ ಅದೇ ಜಾಗದಲ್ಲಿ ಇಡೋರು, ಯಾಕಂದ್ರೆ ಅದು ಹೋದ್ರೆ ಸುತ್ತಲಿದ್ದ ಬೇರೆಯವುಗಳ ಹೊಂದಾಣಿಕೆಯೆಲ್ಲಾ ತಪ್ಪಿಹೋಗತ್ತೆ. ಹಾಡುಗಾರರ ಗುಂಪಲ್ಲಿ ಒಬ್ಬರು ಎದ್ದುಹೋದ್ರೆ ಶ್ರುತಿ ಹಿಡಿಯೋಕೆ ಇನ್ನೊಬ್ಬರನ್ನ ಕೂರಿಸಿದ ಹಾಗೆ. 1956ರಲ್ಲಿ ಉಯಿಲು ಬರೆದು ಸ್ಟುಡಿಯೋದಲ್ಲಿರೋದನ್ನೆಲ್ಲಾ ಫ್ರಾನ್ಸ್ ಸರ್ಕಾರಕ್ಕೆ ಕೊಟ್ರು, ಷರತ್ತು ಒಂದೇ, ತಾನು ಸಾಯೋ ಹೊತ್ತಿಗೆ ಹೇಗಿತ್ತೋ ಹಾಗೇ ಮತ್ತೆ ಕಟ್ಟಬೇಕು. 137 ಶಿಲ್ಪ, 87 ಪೀಠ.

ನೇರಮಾತು ಅವರೇ, ಇಲ್ಲಿ ಉದ್ದೇಶ ಮೊದಲಿಂದ ಇರಲಿಲ್ಲ, ಕೆಲಸ ಮಾಡ್ತಾ ಮಾಡ್ತಾ ಹುಟ್ಟಿತು. ಮೊದಲು ಅದು ಬರೀ ಸ್ಟುಡಿಯೋ, ಕೊನೆಗೆ ಅದೇ ಅವರ ಅತಿ ದೊಡ್ಡ ಕೃತಿ. ಹಾಗಾಗಿ ಉದ್ದೇಶ ಇತ್ತಾ ಇಲ್ವಾ ಅಂತ ಒಂದೇ ಗೆರೆ ಎಳೆಯೋಕಾಗಲ್ಲ.

ಆದ್ರೆ ಉಳಿಸಿಕೊಂಡ ಕ್ರಮದ ಬಗ್ಗೆ ನನಗೆ ಅಸಮಾಧಾನ ಇದೆ. ಜನಕ್ಕೆ ನೋಡೋಕೆ ಸಿಗ್ತಿದ್ದದ್ದು ಆರ್ಕಿಟೆಕ್ಟ್ ರೆಂಝೋ ಪಿಯಾನೋ ವಿನ್ಯಾಸ ಮಾಡಿದ 1997ರ ಕಟ್ಟಡ, ಪ್ಯಾರಿಸ್‌ನ ಪಾಂಪಿಡೂ ಕಲಾಕೇಂದ್ರದ ಎದುರಿಗಿದ್ದದ್ದು. 1977ರಲ್ಲಿ ಅದೇ ಕಡೆ ಮೊದಲು ಕಟ್ಟಿದ್ದು 1990ರಲ್ಲಿ ನೀರು ನುಗ್ಗಿ ಮುಚ್ಚಿತ್ತು. ಪಿಯಾನೋ ಅವರು ಪ್ರತಿ ವಸ್ತುವಿನ ಸ್ಥಾನ ಕಾಪಾಡಿದಾರೆ, ಮೇಲಿಂದ ಬರೋ ಬೆಳಕನ್ನೂ ಕಾಪಾಡಿದಾರೆ, ಆದ್ರೆ ನೋಡುಗರು ಸುತ್ತ ಓಡಾಡಿ ಗಾಜಿನಾಚೆಯಿಂದ ನೋಡಬೇಕಿತ್ತು. ವಸ್ತುಗಳ ನಡುವಿನ ದೂರ ಉಳೀತು, ನಮಗೂ ವಸ್ತುವಿಗೂ ನಡುವಿನ ದೂರ ಬದಲಾಯ್ತು. ಶಿಲ್ಪದ ಸುತ್ತ ನಾವೇ ನಡೆದಾಗ ಹಿಂದಿನದು ಮುಂದೆ ಬರೋದು, ಒಂದು ಇನ್ನೊಂದನ್ನ ಮರೆ ಮಾಡೋದು ಇದೆಯಲ್ಲ, ಅದೇ ಅವರು ದಿನವಿಡೀ ಸರಿಮಾಡ್ತಾ ಇದ್ದದ್ದು.

ಖಾಲಿಗೋಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ನಾನು ಇಷ್ಟು ನಿರೀಕ್ಷೆ ಮಾಡಿರಲಿಲ್ಲ. ವಸ್ತುಗಳ ಮಧ್ಯದ ಜಾಗ, ಮನೆಯ ದಿನಚರಿ, ಎರಡೂ ನನಗೆ ಹೊಸ ದಾರಿ ತೋರಿಸ್ತು.

ಇನ್ನೊಂದು ಕೇಳ್ಲಾ? ಇಲ್ಲಿವರೆಗೂ ಬಂದ ಉದಾಹರಣೆಗಳಲ್ಲಿ ಕಲಾವಿದರೇ ಕೈಯಾರೆ ಮಾಡ್ಕೊಂಡಿದ್ದು. ಆದ್ರೆ ಆರ್ಕಿಟೆಕ್ಟ್ ಕಟ್ಟಿಕೊಟ್ಟ ಮನೆಗಳು? ಮೆಕ್ಸಿಕೋದ ಚಿತ್ರಕಾರರು ಫ್ರೀಡಾ ಕಾಲೋ ಮತ್ತೆ ಡಿಯೇಗೊ ರಿವೇರಾ ಇದ್ದ ಜೋಡಿ ಮನೆಗಳ ಫೋಟೋ ನೋಡಿದೀನಿ, ಒಂದು ನೀಲಿ, ಇನ್ನೊಂದು ಕೆಂಪು-ಬಿಳಿ, ಮಧ್ಯೆ ಸೇತುವೆ. ಅಲ್ಲಿ ಕೃತಿ ಯಾರದ್ದು?

ಉತ್ತರಕಿಟಕಿ:

ಇದಕ್ಕೆ ನಾನು ಬರೀತೀನಿ, ಕಟ್ಟಡ ವಿನ್ಯಾಸವೇ ನನ್ನ ಕೆಲಸ.

ಅದು ಮೆಕ್ಸಿಕೋ ನಗರದ ಸಾನ್ ಆಂಖೆಲ್‌ನಲ್ಲಿರೋದು, ಕಟ್ಟಿದ್ದು ಹ್ವಾನ್ ಓ'ಗೋರ್ಮನ್, 1931–32ರಲ್ಲಿ, ಆಗ ಅವರಿಗೆ ಇನ್ನೂ ಇಪ್ಪತ್ತಾರು ಇಪ್ಪತ್ತೇಳು ವಯಸ್ಸು. ಅವರೂ ಚಿತ್ರಕಾರರೇ ಅನ್ನೋದು ಇಲ್ಲಿ ಮುಖ್ಯ. ಅಲಂಕಾರ ಅಂತ ಏನೂ ಇಲ್ಲ. ನೀರಿನ ಟ್ಯಾಂಕು ಮೇಲ್ಗಡೆ ಎದ್ದು ಕಾಣತ್ತೆ, ಪೈಪು, ಕರೆಂಟಿನ ಕೊಳವೆ ಮುಚ್ಚಿಲ್ಲ, ಒಳಗಡೆ ಕಾಂಕ್ರೀಟ್ ಛಾವಣಿಗೆ ಗಾರೆ ಬಳಿದಿಲ್ಲ, ಸುತ್ತ ಕಾಂಪೌಂಡ್ ಬದಲು ಕಂಬಗಳ್ಳಿಯ ಸಾಲು. ದೊಡ್ಡ ಮನೆ ಡಿಯೇಗೊದು, ಸಣ್ಣದು ಫ್ರೀಡಾದು, ಮಾಳಿಗೆ ಮಟ್ಟದಲ್ಲಿ ಸಣ್ಣ ಸೇತುವೆ. ಇಬ್ಬರು ಕಲಾವಿದರು ಗಂಡ-ಹೆಂಡತಿ ಆಗಿದ್ರೂ ಇಬ್ಬರಿಗೂ ತಮ್ಮದೇ ಬಾಗಿಲು, ತಮ್ಮದೇ ಸ್ಟುಡಿಯೋ ಬೇಕು ಅನ್ನೋದನ್ನ ನಕ್ಷೆಯಲ್ಲೇ ಒಪ್ಕೊಂಡಿರೋ ಮನೆ ಅದು. ಆ ಕಾಲಕ್ಕೆ ಇದು ಎಷ್ಟು ಧೈರ್ಯದ ಯೋಚನೆ ನೋಡಿ.

ಡಿಯೇಗೊ ಸ್ಟುಡಿಯೋ ಮೇಲ್ಛಾವಣಿ ಗರಗಸದ ಹಲ್ಲಿನ ಥರ ಇದೆ, ಕಾರ್ಖಾನೆ ಶೆಡ್‌ಗಳಿಗೆ ಇರತ್ತಲ್ಲ ಅದೇ. ಯಾಕೆ ಅಂತ ಹೇಳ್ತೀನಿ, ಸ್ಟುಡಿಯೋ ಕಟ್ಟೋರು ಎಲ್ಲರೂ ಕೇಳೋ ಪ್ರಶ್ನೆ ಇದು. ಬಿಸಿಲು ನೇರ ಒಳಗೆ ಬಿದ್ರೆ ಕ್ಯಾನ್‌ವಾಸ್ ಮೇಲೆ ಗಂಟೆಗಂಟೆಗೂ ನೆರಳು ಬದಲಾಗತ್ತೆ, ಬಣ್ಣ ಬೆಳಗ್ಗೆ ಒಂದು ಥರ ಮಧ್ಯಾಹ್ನ ಒಂದು ಥರ ಕಾಣತ್ತೆ. ಭೂಮಿಯ ಉತ್ತರಾರ್ಧದಲ್ಲಿ ಸೂರ್ಯ ದಕ್ಷಿಣದ ಕಡೆ ವಾಲಿ ಸಾಗೋದ್ರಿಂದ ಉತ್ತರದ ಕಿಟಕಿಗೆ ನೇರ ಬಿಸಿಲು ಹೆಚ್ಚುಕಮ್ಮಿ ಬೀಳಲ್ಲ, ಆಕಾಶದಿಂದ ಬರೋ ಸಮನಾದ ಬೆಳಕು ಸಿಗತ್ತೆ, ದಕ್ಷಿಣಾರ್ಧದಲ್ಲಿ ಇದು ತಿರುಗುಮುರುಗು. ಆದ್ರೆ ಉಷ್ಣವಲಯದಲ್ಲಿ ಬೇಸಿಗೆಯ ಒಂದಷ್ಟು ದಿನ ಸೂರ್ಯ ನೆತ್ತಿ ದಾಟಿ ಉತ್ತರಕ್ಕೂ ಬರ್ತಾನೆ, ಹಾಗಾಗಿ ಯುರೋಪಿನ ಸ್ಟುಡಿಯೋ ನೋಡಿ ಉತ್ತರಕ್ಕೆ ದೊಡ್ಡ ಗಾಜು ಹಾಕಿದ್ರೆ ಅಷ್ಟೇ ಸಾಲಲ್ಲ, ಮೇಲೆ ಚಾಚಿದ ಸೂರೋ ಅಡ್ಡ ಹಲಗೆಯೋ ಬೇಕಾಗತ್ತೆ. ಹಾಗೇ ಉತ್ತರಕ್ಕೆ ಮುಖ ಮಾಡಿದ್ದೆಲ್ಲಾ ವಾಸಕ್ಕೆ ಒಳ್ಳೇದು ಅಂತಾನೂ ಅಲ್ಲ. ಇಂಗ್ಲೆಂಡಿನಲ್ಲಿ ವಿನ್ಯಾಸಕಾರ ವಿಲಿಯಂ ಮಾರಿಸ್‌ಗೆ ಆರ್ಕಿಟೆಕ್ಟ್ ಫಿಲಿಪ್ ವೆಬ್ ಕಟ್ಟಿದ ರೆಡ್ ಹೌಸ್ ಇದೆಯಲ್ಲ, ಮುಖ್ಯ ಕೋಣೆಗಳೆಲ್ಲಾ ಉತ್ತರಕ್ಕೆ, ಚಳಿಯಲ್ಲಿ ಕಷ್ಟ. ಗೋಡೆ, ಬೀರು, ಬಾಗಿಲು ಎಲ್ಲಾ ಗೆಳೆಯರು ಸೇರಿ ಬಣ್ಣ ಹಚ್ಚಿದ್ರು, ಆ ಉತ್ಸಾಹದಿಂದಲೇ 1861ರಲ್ಲಿ ಅಲಂಕಾರಿಕ ವಸ್ತುಗಳ ಕಂಪನಿ ಶುರುವಾಯ್ತು, ಆದ್ರೆ ಮಾರಿಸ್ ಅಲ್ಲಿ ವಾಸ ಮಾಡಿದ್ದು ಐದು ವರ್ಷ ಮಾತ್ರ.

ಮತ್ತೆ ಫ್ರೀಡಾಗೆ ಬರ್ತೀನಿ. ನನ್ನ ಕಣ್ಣಿಗೆ ಆಕೆಯ ನಿಜವಾದ ಕೃತಿ ಕೊಯೋಕಾನ್‌ನ ನೀಲಿ ಮನೆ, ಹುಟ್ಟಿದ್ದು ಅಲ್ಲೇ, 1954ರಲ್ಲಿ ಸತ್ತಿದ್ದೂ ಅಲ್ಲೇ. ಅಲ್ಲಿರೋ ಕಂಬದ ಮಂಚದ ಮೇಲಾವರಣದ ಒಳಗಡೆ ಒಂದು ಕನ್ನಡಿ ಕೂರಿಸಿದೆ. ಅಪಘಾತ ಆದ ಮೇಲೆ ಎದ್ದು ಕೂರೋಕೂ ಆಗದೆ ಮಲಗಿದ್ದಾಗ ಆಕೆಗೆ ಕಾಣ್ತಿದ್ದದ್ದು ತನ್ನ ಮುಖ ಒಂದೇ, ಅದನ್ನೇ ಬಿಡಿಸಿದ್ರು. ಮಂಚ ಆಸ್ಪತ್ರೆ ಹಾಸಿಗೆಯೂ ಹೌದು, ಸ್ಟುಡಿಯೋವೂ ಹೌದು. ಆಮೇಲೆ ಮೇಲಿನ ಸ್ಟುಡಿಯೋದಲ್ಲಿ ಚಿತ್ರ ಬಿಡಿಸೋ ಸ್ಟ್ಯಾಂಡ್ ಮುಂದೆ ಗಾಲಿಕುರ್ಚಿ. ಓ'ಗೋರ್ಮನ್ ಕಟ್ಟಿದ್ದು ಒಂದು ತತ್ವದಿಂದ, ಇಲ್ಲಿ ಮನೆ ಬದಲಾಗಿದ್ದು ಒಂದು ದೇಹದ ಅಗತ್ಯದಿಂದ. ಯಾರದ್ದು ಕೃತಿ ಅಂತ ಕೇಳಿದ್ರಲ್ಲ, ಸಾನ್ ಆಂಖೆಲ್ ಓ'ಗೋರ್ಮನ್‌ದು, ಕನ್ನಡಿ ಇರೋ ಆ ಮಂಚ ಫ್ರೀಡಾದು. ಇದನ್ನ ನಾನು ಆರ್ಕಿಟೆಕ್ಟ್ ಆಗಿದ್ದುಕೊಂಡೇ ಹೇಳ್ತಿದೀನಿ.

ಕೆಮ್ಮಣ್ಣು:

ಇಷ್ಟು ಹೊತ್ತು ಓದ್ತಾ ಇದ್ದೆ, ಶಾಂತಿನಿಕೇತನದ ಹೆಸರು ಯಾರೂ ಎತ್ತಲಿಲ್ಲ ಅಂತ ಬರೀತಿದೀನಿ. ರವೀಂದ್ರನಾಥ ಠಾಕೂರರು ಅರವತ್ತು ದಾಟಿದ ಮೇಲೆ ಚಿತ್ರಕಲೆಗೆ ಪೂರ್ತಿಯಾಗಿ ಇಳಿದವರು, ಮನೆ ವಿಷಯದಲ್ಲೂ ಒಂದು ಕಡೆ ನಿಂತವರಲ್ಲ. ಉತ್ತರಾಯಣ ಅನ್ನೋ ಆವರಣದಲ್ಲಿ ಉದಯನ, ಕೋಣಾರ್ಕ, ಶ್ಯಾಮಲಿ, ಪುನಶ್ಚ, ಉದೀಚಿ ಅಂತ ಐದು ಮನೆ. ಶ್ಯಾಮಲಿ 1935ರದ್ದು, ಮಣ್ಣಿನ ಮನೆ, ಗೋಡೆ ಮಾತ್ರ ಅಲ್ಲ ಛಾವಣಿಯೂ ಮಣ್ಣಿನದೇ. ಕಟ್ಟಡದ ರೂಪ ಸುರೇಂದ್ರನಾಥ ಕರ್ ಅವರದ್ದು, ಹೊರಗೋಡೆಯ ಉಬ್ಬುಶಿಲ್ಪಗಳಲ್ಲಿ ನಂದಲಾಲ್ ಬೋಸ್, ರಾಮಕಿಂಕರ್ ಬೈಜ್, ವಿದ್ಯಾರ್ಥಿಗಳು ಎಲ್ಲರ ಕೈ ಇದೆ, ಬಾಗಿಲ ಹತ್ರ ಸಂತಾಲ ಬುಡಕಟ್ಟಿನವರ ಆಕೃತಿಗಳು. ಅಲ್ಲೇ ಕಲಾಭವನ ಅನ್ನೋ ಕಲಾಶಾಲೆಯಲ್ಲಿ ವಿದ್ಯಾರ್ಥಿಗಳ ಹಾಸ್ಟೆಲ್ ಆಗಿದ್ದ ಕಾಲೋ ಬಾಡಿ, ಅಂದ್ರೆ ಕರಿ ಮನೆ, ಅದರ ಮಣ್ಣಿನ ಗೋಡೆಗೂ ಉಬ್ಬುಶಿಲ್ಪ, ಮೇಲೆ ಡಾಂಬರಿನ ಲೇಪ, ಮಳೆಯಿಂದ ರಕ್ಷಣೆಗೆ. ಆ ಕರಿ ಬಣ್ಣ ರಕ್ಷಣೆಗಾಗಿ ಬಂದಿದ್ದು, ಆದ್ರೆ ಈಗ ಅದಿಲ್ಲದೆ ಆ ಮನೆಯನ್ನ ಕಲ್ಪಿಸ್ಕೊಳ್ಳೋಕೇ ಆಗಲ್ಲ. ಮರಮೊಳೆಯವರು ಹೇಳಿದ ಸೋರೋ ತಾರಸಿಯ ಮಾತು ಇಲ್ಲೂ ನಿಜ. ನೂಲುಂಡೆಯವರು ಕೇಳಿದ ಸಹಿಯ ಪ್ರಶ್ನೆಗೂ ಇಲ್ಲಿ ಬೇರೆಯೇ ಉತ್ತರ ಇದೆ, ಇಲ್ಲಿ ಮನೆ ಒಂದು ಶಾಲೆಯ ಕೈಬರಹ.

ಮಣ್ಣಿನ ಮನೆಯನ್ನ ಮುಟ್ಟದೆ ಉಳಿಸೋಕೆ ಆಗಲ್ಲ, ಮಳೆಗಾಲ ಕಳೆದ ಮೇಲೆ ಮತ್ತೆ ಮೆತ್ತಬೇಕು, ಬಿರುಕು ತುಂಬಬೇಕು. ಹಾಗಾಗಿ ಜಡ್ ಕೇಳಿದ ಶಾಶ್ವತ ಅನ್ನೋದು ಇಲ್ಲಿ ವಸ್ತುವಿನಲ್ಲಿ ಇರೋಕಾಗಲ್ಲ, ಮೆತ್ತೋ ಕೈಗಳಲ್ಲಿ ಇರಬೇಕು.

ನೇರಮಾತು:

ಕೆಮ್ಮಣ್ಣು ಅವರೇ, ಹಾಗಾದ್ರೆ ಇನ್ನೂ ಕಷ್ಟದ ಉದಾಹರಣೆ ಕೊಡ್ತೀನಿ, ತೋಟ. ಫ್ರಾನ್ಸ್‌ನ ಚಿತ್ರಕಾರ ಮೋನೆ 1883ರಲ್ಲಿ ಜಿವರ್ನಿ ಅನ್ನೋ ಹಳ್ಳಿಗೆ ಬಾಡಿಗೆಗೆ ಬಂದ್ರು, 1890ರಲ್ಲಿ ಮನೆ ಕೊಂಡ್ರು, 1893ರಲ್ಲಿ ಪಕ್ಕದ ಜಾಗ ತಗೊಂಡು ಕೊಳ ತೋಡಿಸೋಕೆ ಹೊರಟಾಗ ಅದರಲ್ಲಿ ಬೆಳೆಸೋ ವಿಚಿತ್ರ ನೀರುಗಿಡಗಳಿಂದ ನೀರು ವಿಷ ಆಗತ್ತೆ ಅಂತ ಊರವರು ವಿರೋಧ ಮಾಡಿದ್ರು. ಆಮೇಲೆ ಆ ಕೊಳವೇ ಅವರ ಕೊನೆಯ ದೊಡ್ಡ ಚಿತ್ರಗಳೆಲ್ಲಾ. 1926ರಲ್ಲಿ ತೀರಿಕೊಂಡ ಮೇಲೆ ಕ್ರಮೇಣ ತೋಟ ಹಾಳುಬಿತ್ತು, 70ರ ದಶಕದ ಕೊನೆಗೆ ಮತ್ತೆ ಕಟ್ಟಿ 1980ರಲ್ಲಿ ಜನಕ್ಕೆ ತೆರೆದ್ರು, ಸೇತುವೆಯೂ ಹೊಸದೇ. ಈಗ ಇರೋ ಹೂಗಳಲ್ಲಿ ಹೆಚ್ಚಿನವು ಮೋನೆ ನೆಟ್ಟಿದ್ದಲ್ಲ. ಇದನ್ನ ಅವರ ಕೃತಿ ಅಂತೀರಾ?

ಕೆಮ್ಮಣ್ಣು:

ಅಂತೀನಿ. ಮೋನೆ ಇದ್ದಾಗಲೂ ಅಲ್ಲಿ ಮಾಲಿಗಳು ಬೇರೆಯವರೇ, ಹೂ ಪ್ರತಿವರ್ಷ ಹೊಸದೇ. ಕೊಳದ ಅಂಚು ಎಲ್ಲಿ ತಿರುಗತ್ತೆ, ದಡದಲ್ಲಿ ನಿಂತ್ರೆ ಆಕಾಶ ಎಷ್ಟು ಕಾಣತ್ತೆ, ಯಾವ ಹೂವಿನ ಹಿಂದೆ ಯಾವ ಬಣ್ಣ ಬರಬೇಕು, ಅದು ಅವರು ಹಾಕಿಕೊಟ್ಟಿದ್ದು. ಹಳೇ ಫೋಟೋ, ಅವರ ಚಿತ್ರ ಎರಡನ್ನೂ ಇಟ್ಕೊಂಡು ಅಷ್ಟನ್ನ ಮತ್ತೆ ಹಿಡಿಯೋಕೆ ಆಗತ್ತೆ.

ಕಲ್ಲುಚಕ್ಕೆ:

ನಾನು ಇಲ್ಲಿ ಅರ್ಧ ಮಾತ್ರ ಒಪ್ತೀನಿ. ಅಂಚು, ಆಕಾಶ ಸರಿ. ಆದ್ರೆ ಕೊನೇ ವರ್ಷಗಳಲ್ಲಿ ಮೋನೆ ಅವರ ಕಣ್ಣಿಗೆ ಪೊರೆ ಬಂದಿತ್ತು, 1923ರಲ್ಲಿ ಆಪರೇಷನ್ ಆಯ್ತು, ಆ ಚಿತ್ರಗಳ ಬಣ್ಣ ಇಟ್ಕೊಂಡು ಹೂ ನೆಟ್ರೆ ತೋಟ ತಪ್ಪಾಗತ್ತೆ. ಯಾವ ವರ್ಷದ ತೋಟವನ್ನ ಉಳಿಸ್ತಿದೀವಿ ಅಂತ ಮೊದಲು ಹೇಳಬೇಕು. ಬ್ರಾಂಕುಸಿ ಉಯಿಲಿನಲ್ಲೇ ತಾನು ಸಾಯೋ ದಿನದ್ದು ಅಂತ ಹೇಳಿ ಹೋದ್ರು, ಮೋನೆ ತೋಟಕ್ಕೆ ಆ ದಿನವನ್ನ ಬೇರೆ ಯಾರೋ ಆರಿಸಬೇಕಾಗತ್ತೆ.